ಜೋಳದ ಡಬ್ಬಿಯೊಳಗಿನ ಫೋನು

ಆ ದಿನ ಬೆಳಿಗ್ಗೆ ನನ್ನ ಫೋನು ಆಳಂದದ ನಮ್ಮ ಮನೆಯ ಅಡುಗೆಮನೆಯಲ್ಲಿ, ಜೋಳದ ಡಬ್ಬಿಯೊಳಗೆ, ಮೊಣಕೈ ಮುಳುಗುವಷ್ಟು ಆಳದಲ್ಲಿ ಇತ್ತು. ಅದು ಅಲ್ಲಿ ಬಿದ್ದದ್ದಲ್ಲ, ನಾನೇ ಹೂತಿಟ್ಟದ್ದು. ವಿಮಾನ ಹಾರಿಸುವ ಮೂವತ್ತೊಂದು ವರ್ಷದ ಹೆಂಗಸು ಇಂಥ ಕೆಲಸ ಮಾಡುತ್ತಾಳೆ ಅಂದರೆ ನಗುತ್ತೀರಿ. ನಗಬಹುದು. ಆದರೆ ನಮ್ಮ ಕಂಪನಿಯಲ್ಲಿ ನನ್ನಂಥ ಕೋ-ಪೈಲಟ್‌ಗಳು ರಜೆಯ ದಿನ ಮಾಡುವ ಮೊದಲ ಕೆಲಸವೇ ಇದು.

ಸಂಗತಿ ಇಷ್ಟೇ. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕು ಅಂತ ನಿಯಮ ಬದಲಾಯಿತು. ಹಾಗಾದರೆ ಹೆಚ್ಚು ಪೈಲಟ್‌ಗಳು ಬೇಕಲ್ಲ? ಅವರನ್ನು ಕಂಪನಿ ತರಲಿಲ್ಲ. ಇರುವವರನ್ನೇ ಎಳೆದಾಡಿ ಎಲ್ಲ ಕಡೆಗೂ ಹೊಂದಿಸಲು ನೋಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ ನಿಯಮ ಕೊಟ್ಟ ರಜೆಯನ್ನು, ಯಾರು ಯಾವತ್ತು ಹಾರಬೇಕು ಅಂತ ಪಟ್ಟಿ ಮಾಡುವ ರೋಸ್ಟರ್ ವಿಭಾಗ ಫೋನು ಮಾಡಿ ವಾಪಸು ಕೇಳುತ್ತಿತ್ತು. ಆ ಫೋನು ಎತ್ತಿ 'ಹೂಂ' ಅಂದರೆ ಮುಗಿಯಿತು, ಮಾತು ರೆಕಾರ್ಡ್ ಆಗಿರುತ್ತದೆ, ಡ್ಯೂಟಿ ನಿಮ್ಮದು. ಎತ್ತಿ 'ಇಲ್ಲ' ಅಂದರೆ ಅದೂ ರೆಕಾರ್ಡ್ ಆಗುತ್ತದೆ, ಮುಂದೆ ಬಡ್ತಿಯ ಹೊತ್ತಿಗೆ ಯಾರೋ ಅದನ್ನು ತೆಗೆದು ನೋಡುತ್ತಾರೆ. ಫೋನು ಬಂದ್ ಮಾಡಿಟ್ಟರೆ ಯಾಕೆ ಬಂದ್ ಮಾಡಿದ್ದಿರಿ ಅಂತ ಕೇಳುತ್ತಾರೆ. ಉಳಿದ ದಾರಿ ಒಂದೇ. ಫೋನು ಹೊಡೆದುಕೊಳ್ಳಬೇಕು, ನಮಗೆ ಕೇಳಿಸಬಾರದು. ಹೈದರಾಬಾದಿನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿರುವ ಗೆಳತಿ, ಅವಳೂ ಕೋ-ಪೈಲಟ್ಟೇ, ತನ್ನ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುತ್ತಿದ್ದಳು. ನನಗೆ ಈ ವಿದ್ಯೆ ಕಲಿಸಿದವಳು ಅವಳೇ. ನಾನು ಆಳಂದದವಳು, ಜೋಳಕ್ಕೆ ಬಡ್ತಿ ಕೊಟ್ಟೆ.

ತಪ್ಪು ಎಲ್ಲಿ ಆಯಿತು ಅಂದರೆ, ಮನೆಯಲ್ಲಿ ಹಿಟ್ಟು ಮುಗಿದಿದೆ ಅನ್ನುವುದನ್ನು ನಾನು ನೋಡಿರಲಿಲ್ಲ. ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅಪ್ಪ ಗಿರಣಿಗೆ ಹೋಗಲೆಂದು ಜೋಳ ಅಳೆಯಲು ಕೂತರು. ಡಬ್ಬಿ ಗುರುಗುಟ್ಟಿತು. ಅಪ್ಪ ಕೈ ಹಾಕಿ ಫೋನು ತೆಗೆದರು, ಊದಿ ಒರೆಸಿದರು, ಎತ್ತಿದರು.

ನಮ್ಮ ಅಪ್ಪ ಆಳಂದದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಅಫಜಲಪುರ, ಜೇವರ್ಗಿ, ಕಲಬುರಗಿ ಅಂತ ಈ ಸೀಮೆಯ ತಗ್ಗುದಿನ್ನೆಗಳನ್ನೆಲ್ಲ ಸ್ಟೇರಿಂಗಿನಲ್ಲೇ ಓದಿಕೊಂಡವರು. ನಿವೃತ್ತಿಯಾದ ಮೇಲೂ ಸ್ಕೂಲ್ ವ್ಯಾನಿನ ಡ್ರೈವರ್ ಬರದಿದ್ದರೆ ಕರೆಯುವುದು ಇವರನ್ನೇ. ಡ್ಯೂಟಿ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ಕಾಲು ತಾವಾಗಿಯೇ ಚಪ್ಪಲಿ ಹುಡುಕುತ್ತವೆ. ಅತ್ತಲಿಂದ ಹಿಂದಿಯಲ್ಲಿ ಡ್ಯೂಟಿ ಅಂದಿದ್ದಾರೆ. ಇವರು ನಮ್ಮ ದಖನಿ ಹಿಂದಿಯಲ್ಲಿ, ಬರುತ್ತಾಳೆ, ನಾನು ಅವಳ ತಂದೆ, ನಾನೇ ಕಳಿಸುತ್ತೇನೆ ಅಂದುಬಿಟ್ಟಿದ್ದಾರೆ.

ನಾನು ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಬಂದಾಗ ಅಪ್ಪ ಫೋನನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ನಿನಗ ಡಬಲ್ ಡ್ಯೂಟಿ ಬಂದದವಾ," ಅಂದರು. "ಬರ್ತಾಳ್ರಿ ಅಂತ ಹೇಳೇನಿ."

ಅವರ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು. ಏನೇನೋ ಅಂದೆ. ನಾಳೆ ಜೇವರ್ಗಿಯಲ್ಲಿ ತಂಗಿಯ ಕುಬಸ ಇದೆ ಅನ್ನುವುದಾದರೂ ನೆನಪಿದೆಯಾ ಅಂತ ಕೇಳಿದೆ. ಅಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅವರಿಗೆ ಕುಬಸವೂ ನೆನಪಿತ್ತು, ಡ್ಯೂಟಿಯೂ ನೆನಪಿತ್ತು. ಎರಡೂ ಒಂದೇ ದಿನ ಅನ್ನುವುದು ಮಾತ್ರ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ಕುಬಸ ಅಂದರೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬುವುದು. ತುಂಬಬೇಕಾದ ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಮದುವೆಯಾಗದ ಅಕ್ಕ ಉಡಿ ತುಂಬುವುದು ಎಲ್ಲಿಯ ಪದ್ಧತಿ ಅಂತ ಬೀಗರ ಕಡೆಯ ಹಿರಿಯರೊಬ್ಬರು ಮೂಗು ಮುರಿದಿದ್ದರಂತೆ. ಬಸವಣ್ಣನ ಹೆಸರು ಹೇಳುವ ಮನೆಯಲ್ಲಿ ಇದೆಲ್ಲ ಯಾಕ್ರಿ ಅಂತ ತಂಗಿಯೇ ಅವರ ಬಾಯಿ ಮುಚ್ಚಿಸಿದ್ದಳು. ನೀನು ಬರದಿದ್ದರೆ ಉಡಿ ಖಾಲಿಯೇ ಇರಲಿ ಅಂತ ನನಗೆ ಎರಡು ಸಲ ಫೋನು ಮಾಡಿ ಹೇಳಿದ್ದಳು. ಹಟಮಾರಿ. ಹೇಳಿದ್ದನ್ನು ಮಾಡುವವಳೇ.

ನಾನು ರೋಸ್ಟರಿಗೆ ತಿರುಗಿ ಫೋನು ಹಚ್ಚಿದೆ. ಅತ್ತ ಇದ್ದ ಹೆಣ್ಣುಮಗಳ ದನಿ ಸೋತುಹೋಗಿತ್ತು. ತನ್ನ ಪಾಳಿ ಮುಗಿದು ಎಷ್ಟೋ ಹೊತ್ತಾಗಿದೆ, ಬದಲಿಗೆ ಬರಬೇಕಾದವರು ಬಂದಿಲ್ಲ ಅಂತ ತಾನೇ ಹೇಳಿಕೊಂಡಳು. ನಾಳೆ ಬೆಳಿಗ್ಗೆಯಿಂದ ಹೈದರಾಬಾದಿನಲ್ಲಿ ಒಟ್ಟು ನಾಲ್ಕು ಹಾರಾಟಗಳಿವೆ, ಇವತ್ತು ಸಂಜೆಯ ರೈಲಿಗೆ ಕಲಬುರಗಿ ಬಿಟ್ಟರೆ ಸಾಕು, ತಪ್ಪಿದ ರಜೆಯನ್ನು ಮುಂದಿನ ವಾರ ಕೊಡುತ್ತೇವೆ ಅಂದಳು. ಒಪ್ಪಿದ್ದು ನಾನಲ್ಲ, ನಮ್ಮಪ್ಪ ಅಂದೆ. ಅವಳು, ಹಾಗಾದರೆ ನೀವೇ ಹೇಳಿ, ನಾಳೆ ಹಾರಲು ನೀವು ಸಮರ್ಥರಿದ್ದೀರೋ ಇಲ್ಲವೋ, ದಣಿದಿದ್ದೇನೆ ಅಂದರೆ ದಣಿದಿದ್ದಾರೆ ಅಂತ ಬರೆದುಕೊಳ್ಳುತ್ತೇನೆ, ಆಮೇಲೆ ನಿಮ್ಮನ್ನು ಕರೆದು ಕೇಳುತ್ತಾರೆ, ಮಧ್ಯಾಹ್ನ ಎರಡರ ತನಕ ಯೋಚಿಸಿ ಅಂದಳು.

ಇಲ್ಲಿಂದ ನನ್ನ ಫಜೀತಿ ಶುರು. ನಾನು ದಣಿದಿದ್ದೇನಾ? ಆಣೆ ಮಾಡಿ ಹೇಳುತ್ತೇನೆ, ನನಗೆ ಗೊತ್ತಾಗಲಿಲ್ಲ. ಆರು ದಿನ ನಸುಕಿಗೆ ಎದ್ದು ಹಾರಿ ಬಂದಿದ್ದೆ, ಅದರಲ್ಲಿ ಎರಡು ದಿನ ಬೇರೆಯವರ ಬದಲು. ಆದರೆ ನಿನ್ನೆ ಆಳಂದಕ್ಕೆ ಬಂದು ಒಂಬತ್ತು ತಾಸು ಮಲಗಿದ್ದೇನೆ. ತಲೆ ನೋಯುತ್ತಿಲ್ಲ. ಜ್ವರ ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡೆ, ಕಣ್ಣು ಕಣ್ಣಿನ ಹಾಗೇ ಇದ್ದವು. ಕುಬಸಕ್ಕೆ ಹೋಗಬೇಕು ಅನ್ನುವ ಆಸೆಯೇ ದಣಿವಿನ ವೇಷ ಹಾಕಿಕೊಂಡು ಬಂದಿದೆಯಾ ಅಂತ ಸಂಶಯ. ಆಮೇಲೆ, ದಣಿದವರಿಗೆ ತಾವು ದಣಿದದ್ದು ತಿಳಿಯುವುದಿಲ್ಲ ಅಂತ ನಮಗೆ ಪಾಠ ಮಾಡುತ್ತಾರೆ. ಹಾಗಿದ್ದರೆ ತಿಳಿಯದೆ ಇರುವುದೇ ದಣಿವಿನ ಗುರುತಾ? ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನುವ ಸ್ಥಿತಿ. ನೇಗಿಲು ಹಿಡಿದವಳು ನಾನೇ, ಎತ್ತೂ ನಾನೇ, ಕೋಣವೂ ನಾನೇ.

ಕೊನೆಗೆ ಒಂದು ಯೋಜನೆ ಮಾಡಿದೆ. ರೈಲು ಸಂಜೆಗಿದೆ. ಅಪ್ಪನ ಜೊತೆ ಜೇವರ್ಗಿಗೆ ಹೋಗಿ, ಸೀರೆ ಬಳೆ ಕೊಟ್ಟು, ತಂಗಿಯ ಮುಖ ನೋಡುವುದು. ಮುಖ ನೋಡಿದ ಮೇಲೆ ಮನಸ್ಸು ಏನು ಹೇಳುತ್ತದೋ ಅದು. ಹೋಗಬೇಕು ಅನಿಸಿದರೆ ಅಲ್ಲಿಂದಲೇ ಕಲಬುರಗಿ ಸ್ಟೇಷನ್ನಿಗೆ. ಯೂನಿಫಾರ್ಮನ್ನೂ ಚೀಲಕ್ಕೆ ತುರುಕಿದೆ. ಕೆಳಗೆ ಬಿಳಿ ಅಂಗಿ, ಮೇಲೆ ಹಸಿರು ಸೀರೆ, ಅದರ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ. ಜೇವರ್ಗಿ ತಲುಪುವ ಮೊದಲೇ ಎರಡು ಗಂಟೆ ಆಗಿಬಿಡುತ್ತದೆ ಅನ್ನುವ ಸಾದಾ ಲೆಕ್ಕ ನನ್ನ ತಲೆಗೆ ಹೋಗಲೇ ಇಲ್ಲ. ಗಾಳಿಯ ವೇಗ, ಇಂಧನ ಎಲ್ಲ ಬಾಯಲ್ಲೇ ಲೆಕ್ಕ ಹಾಕುವವಳು ನಾನು.

ಆಳಂದದಿಂದ ಕಲಬುರಗಿಯ ಬಸ್ಸಿನಲ್ಲಿ ಅಪ್ಪ ಸೀಟಿನ ಅಂಚಿಗೆ ಕೂತಿದ್ದರು. ಕಡಗಂಚಿಯಲ್ಲಿ ಯೂನಿವರ್ಸಿಟಿಯ ಹುಡುಗಿಯರು ಹತ್ತಿದಾಗ ಇನ್ನಷ್ಟು ಸರಿದು ಕೂತು ಜಾಗ ಕೊಟ್ಟರು. ಬೈಸಿಕೊಂಡ ಮೇಲೆ ಅಪ್ಪ ಯಾವಾಗಲೂ ಹೀಗೆಯೇ, ಮೈ ಸಣ್ಣದು ಮಾಡಿಕೊಂಡು ಕೂಡುತ್ತಾರೆ. ನಾನು ಕಿಟಕಿಯ ಹೊರಗೆ ನೋಡುತ್ತಾ ಹಳೆಯದೊಂದನ್ನು ನೆನೆಸಿಕೊಂಡೆ. ನಾವು ಸಣ್ಣವರಿದ್ದಾಗ ಡಿಪೋದ ಪ್ಯೂನ್ ಸೈಕಲ್ ಮೇಲೆ ಬಂದು ನಮ್ಮ ಬಾಗಿಲಲ್ಲಿ ಗಂಟೆ ಬಾರಿಸುತ್ತಿದ್ದ. ಯಾರೋ ಡ್ರೈವರ್ ಬಂದಿಲ್ಲ, ಡಬಲ್ ಡ್ಯೂಟಿ ಅಂತ. ಅವ್ವ ನನಗೂ ತಂಗಿಗೂ ಕಲಿಸಿಟ್ಟಿದ್ದಳು, ಅಪ್ಪ ಮನೆಯಲ್ಲಿಲ್ಲ, ಅಫಜಲಪುರಕ್ಕೆ ಹೋಗಿದ್ದಾರೆ ಅನ್ನಬೇಕು ಅಂತ. ಅಫಜಲಪುರ ಅವ್ವನ ತವರು. ನಾವಿಬ್ಬರೂ ಹೊಸ್ತಿಲಲ್ಲಿ ನಿಂತು ಒಂದೇ ರಾಗದಲ್ಲಿ ಸುಳ್ಳು ಒಪ್ಪಿಸುತ್ತಿದ್ದೆವು. ಅದು ಮುಗಿಯುವ ಮೊದಲೇ ಒಳಗಿನಿಂದ ಅಪ್ಪ, ಇದ್ದೇನ್ರಿ, ಬಂದೆ ಅನ್ನುತ್ತಿದ್ದರು. ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ಈ ಮನುಷ್ಯನಿಗೆ ಇಲ್ಲ ಅನ್ನುವುದನ್ನು ಯಾರೂ ಕಲಿಸಲೇ ಇಲ್ಲ ಅನ್ನುತ್ತಿದ್ದಳು. ಆ ದಿನ ಬಸ್ಸಿನಲ್ಲಿ ನನಗೂ ಅದೇ ಅನಿಸಿತು, ಮತ್ತಷ್ಟು ಸಿಟ್ಟು ಬಂತು.

ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ಚೀಲಗಳ ಹತ್ತಿರ ನಿಲ್ಲಿಸಿ ನಾನೇ ಬಸ್ಸು ಹುಡುಕಿದೆ. ಸಿಕ್ಕಿತು. ಕೈ ಬೀಸಿ ಕರೆದೆ. ಅಪ್ಪ ಬಂದು ಬೋರ್ಡ್ ನೋಡಿದರು, ನನ್ನ ಮುಖ ನೋಡಿದರು, ಹತ್ತಿದರು. ಕಂಡಕ್ಟರ್ ಬಂದ. ನಾನು ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಂಡೆ, ಅಪ್ಪನದಕ್ಕೆ ದುಡ್ಡು ಕೊಟ್ಟೆ, ಚಿಲ್ಲರೆ ಎಣಿಸಿ ಪರ್ಸಿಗೆ ಹಾಕಿಕೊಂಡೆ. ಇಷ್ಟೆಲ್ಲ ಮಾಡಿದ್ದು ನಾನೇ. ಆಮೇಲೆ ಕಣ್ಣು ಮುಚ್ಚಿ, ಹೋಗಲೋ ಬೇಡವೋ ಅಂತ ಯೋಚಿಸುತ್ತಾ ಕೂತೆ.

ಎಚ್ಚರಾದಾಗ ಬಸ್ಸು ನಿಂತಿತ್ತು. ಹಣೆಗೆ ಗಂಧ ಇಟ್ಟ ಮಂದಿ ಗಂಟುಮೂಟೆ ಇಳಿಸುತ್ತಿದ್ದರು. ಗಾಣಗಾಪುರದವರು ಇಲ್ಲೇ ಇಳೀರಿ ಅಂತ ಕಂಡಕ್ಟರ್ ಕೂಗುತ್ತಿದ್ದ. ಜೇವರ್ಗಿಯ ದಾರಿಯಲ್ಲಿ ಗಾಣಗಾಪುರ ಎಲ್ಲಿಂದ ಬಂತು? ಹೊರಗೆ ನೋಡಿದೆ. ಚೌಡಾಪುರ. ಇದು ಅಫಜಲಪುರದ ರಸ್ತೆ.

ಅಪ್ಪನನ್ನು ಎಬ್ಬಿಸಿ, ಚೀಲ ಎಳೆದುಕೊಂಡು ಇಳಿದೆ. ರಸ್ತೆ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಯಾಕೆ ಹೇಳಲಿಲ್ಲ ಅಂತ ಅವರ ಮೇಲೆ ಹರಿಹಾಯ್ದೆ. ಮೂವತ್ತು ವರ್ಷ ಇದೇ ಬೋರ್ಡುಗಳ ಕೆಳಗೆ ಕೂತವರು ನೀವು, ನಾನು ತಪ್ಪು ಬಸ್ಸು ಹತ್ತಿದರೆ ನಿಮಗೆ ಕಾಣಲಿಲ್ಲವಾ ಅಂದೆ.

"ಕಂಡಿತ್ತವಾ," ಅಂದರು ಅಪ್ಪ. "ಆದ್ರ ನೀನೇ ಕಂಡಕ್ಟರಗ ಅಫಜಲಪುರ ಎರಡು ಕೊಡ್ರಿ ಅಂದಿ. ಅವ್ವನ ತವರುಮನಿ ನೋಡಿ ಹೋಗೋ ಮನಸ್ಸಾಗ್ಯಾದೇನೋ ಅಂತ ಸುಮ್ನಾದೆ. ದೊಡ್ಡ ದೊಡ್ಡ ವಿಮಾನ ನಡಸೋಳು ನೀ. ನಾ ಏನ್ ಹೇಳಲಿ?"

ನಾನು ಅಫಜಲಪುರ ಅಂದಿರಲಿಲ್ಲ. ಅಂದ ನೆನಪು ಒಂಚೂರೂ ಇರಲಿಲ್ಲ. ಪರ್ಸ್ ತೆಗೆದು ನೋಡಿದೆ. ಟಿಕೆಟ್ಟಿನ ಮೇಲೆ ಕಲಬುರಗಿಯಿಂದ ಅಫಜಲಪುರ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಚಿಲ್ಲರೆ ಮಾತ್ರ ಸರಿಯಾಗಿತ್ತು.

ನನಗೆ ಹೆದರಿಕೆಯಾಯಿತು. ತಪ್ಪು ಬಸ್ಸು ಯಾರಾದರೂ ಹತ್ತುತ್ತಾರೆ. ಆದರೆ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ, ಕಾರ್ಡು ತೋರಿಸಿದ್ದೆ, ನೋಡಿದವರಿಗೆ ಪೂರ್ತಿ ಎಚ್ಚರ ಇರುವವಳ ಹಾಗೆ ಕಂಡಿದ್ದೆ. ವಿಮಾನದಲ್ಲೂ ಹೀಗೆಯೇ. ಕೆಳಗೆ ಕಂಟ್ರೋಲಿನವರು ಯಾವ ಎತ್ತರದಲ್ಲಿ ಹಾರಬೇಕು ಅಂತ ಹೇಳುತ್ತಾರೆ, ನಾವು ಅದನ್ನೇ ತಿರುಗಿ ಹೇಳುತ್ತೇವೆ, ಕೈ ತಾನಾಗಿಯೇ ಗುಂಡಿ ತಿರುಗಿಸುತ್ತದೆ. ಬಾಯಿ ಒಂದು ಹೇಳಿ ತಲೆ ಇನ್ನೆಲ್ಲೋ ಇದ್ದರೆ ಹಿಡಿಯಬೇಕಾದವರು ಪಕ್ಕದ ಸೀಟಿನವರು. ನನ್ನ ಪಕ್ಕದ ಸೀಟಿನಲ್ಲಿ ಅಪ್ಪ ಇದ್ದರು, ಅವರಿಗೆ ತಪ್ಪು ಕಂಡಿತ್ತು, ನನ್ನ ಮೇಲಿನ ಗೌರವಕ್ಕೆ ಬಾಯಿ ಬಿಡಲಿಲ್ಲ.

ಅಪ್ಪ ಚಹಾದ ಲೋಟ ಕೆಳಗಿಟ್ಟರು. ರಸ್ತೆಯ ಕಡೆ ಬೆರಳು ತೋರಿಸಿದರು.

"ಇದೇ ರೋಡು. ಮೂರನೇ ಡಬಲ್ ಡ್ಯೂಟಿ ಅವತ್ತು. ಚೌಡಾಪುರದಾಗ ಮಂದಿ ಇಳೀಬೇಕಾಗಿತ್ತು, ನಾ ನಿಲ್ಲಿಸಲೇ ಇಲ್ಲ. ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಮಂದಿ ಒದರಾಕತ್ತಿದ್ರಂತ, ನನಗ ಕೇಳಲಿಲ್ಲ. ಕಂಡಕ್ಟರ್ ಬಂದು ಹೆಗಲ ಮ್ಯಾಲ ಕೈ ಇಟ್ಟಾಗ ಊರು ಹಿಂದ ಬಿದ್ದಿತ್ತು."

ಆಮೇಲೆ ಏನಾಯಿತು ಅಂತ ಕೇಳಿದೆ. ಏನೂ ಆಗಲಿಲ್ಲ, ಕಂಡಕ್ಟರ್ ಯಾರಿಗೂ ಹೇಳಲಿಲ್ಲ, ಮರುದಿನ ಡ್ಯೂಟಿಗೆ ಹೋದೆ ಅಂದರು. ಅವ್ವನಿಗೂ ಹೇಳಿರಲಿಲ್ಲವಂತೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಆ ಬೆಂಚಿನ ಮೇಲೆ ನನ್ನೆದುರಿಗೆ ತೆಗೆದಿಟ್ಟು, ಬಸ್ಸು ಬಂತೇನೋ ನೋಡಲು ಎದ್ದು ಹೋದರು.

ಎರಡಕ್ಕೆ ಹತ್ತು ನಿಮಿಷ ಇತ್ತು. ನಾನು ರೋಸ್ಟರಿಗೆ ಫೋನು ಹಚ್ಚಿ, ದಣಿದಿದ್ದೇನೆ, ನಾಳೆ ಹಾರಲು ಸಮರ್ಥಳಲ್ಲ ಅಂದೆ. ಅದೇ ಹೆಣ್ಣುಮಗಳು. ಕಾರಣ ಏನಂತ ಬರೆಯಲಿ ಅಂತ ಕೇಳಿದಳು. ತಪ್ಪು ಬಸ್ಸು ಹತ್ತಿದೆ ಅಂದೆ. ಬರೆದುಕೊಳ್ಳುವ ಸದ್ದು ಕೇಳಿಸಿತು. ಸರಿ, ಬೇರೆ ಯಾರನ್ನಾದರೂ ನೋಡುತ್ತೇನೆ ಅಂದು ಇಟ್ಟಳು. ಹಗುರಾಗುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ಬೇರೆ ಯಾರನ್ನಾದರೂ ಅಂದಳಲ್ಲ, ಆ ಮಾತು ಹಲ್ಲಿನ ಸಂದಿಯ ಜೋಳದ ಹೊಟ್ಟಿನ ಹಾಗೆ ಸಿಕ್ಕಿಕೊಂಡಿತು.

ಮತ್ತೆ ಕಲಬುರಗಿ, ಅಲ್ಲಿಂದ ಜೇವರ್ಗಿ. ಈ ಸಲ ಬೋರ್ಡ್ ಓದಿದ್ದೂ, ಟಿಕೆಟ್ ಕೇಳಿದ್ದೂ ಅಪ್ಪ. ತಂಗಿ ಬಾಗಿಲಲ್ಲೇ ಇದ್ದಳು. ಬಂದ್ಯಾ ಅಂದಳು, ನನ್ನ ಚೀಲ ತಾನೇ ಎತ್ತಿಕೊಳ್ಳಲು ಬಗ್ಗಿದಳು, ನಾನು ಬೈದೆ.

ಮರುದಿನ ಬೆಳಿಗ್ಗೆ ಮನೆ ತುಂಬ ಹೆಂಗಸರು, ಹಸಿರು ಬಳೆಗಳ ಸದ್ದು. ಫೋನು ನನ್ನ ಕೈಯಲ್ಲೇ ಇತ್ತು, ಇನ್ನು ಹೂಳುವುದೇನಿತ್ತು? ಗೆಳತಿಯ ಸಂದೇಶ ಬಂತು. ನಿನ್ನ ಬದಲು ನನ್ನನ್ನು ಹಾಕಿದರು, ನನ್ನ ಅಕ್ಕಿ ಡಬ್ಬಿ ಕೈಕೊಟ್ಟಿತು, ಈಗ ಎರಡನೇ ಹಾರಾಟಕ್ಕೆ ಕಾಯುತ್ತಿದ್ದೇನೆ, ತಂಗಿಗೆ ಶುಭಾಶಯ ಹೇಳು ಅಂತ. ಕೊನೆಗೊಂದು ನಗುವ ಮುಖ. ಆ ನಗು ನಿಜದ್ದೋ ಹಲ್ಲು ಕಡಿದದ್ದೋ ಎಷ್ಟು ನೋಡಿದರೂ ತಿಳಿಯಲಿಲ್ಲ. ಅವಳೂ ನನ್ನಷ್ಟೇ ದಿನ ಹಾರಿದವಳು. ಅವಳಿಗೆ ತಪ್ಪು ಬಸ್ಸು ಹತ್ತುವ ಅವಕಾಶವೂ ಸಿಗಲಿಲ್ಲ.

ಅಪ್ಪ ಹಿತ್ತಲಲ್ಲಿ ಬೀಗರ ಜೊತೆ ಬಾಳೆ ಎಲೆ ತೊಳೆಯುತ್ತಿದ್ದರು. ಕರೆದು, ಸಂದೇಶ ಓದಿ ಹೇಳಿದೆ. ಅಪ್ಪ ಕೈ ಒರೆಸಿಕೊಂಡರು.

"ನಮ್ಮ ಬಾಜೂ ಮನಿ ಡ್ರೈವರಗ ಸಕ್ಕರಿ ಬ್ಯಾನಿ ಇತ್ತು, ನೆನಪದೇನು? ನಾ ಇಲ್ಲ ಅಂದ್ರ ಪ್ಯೂನ್ ಸೀದಾ ಅವನ ಬಾಗಿಲಿಗೆ ಹೋಗ್ತಿದ್ದ. ಅದಕ್ಕೇ ಇದ್ದೇನ್ರಿ ಅಂತಿದ್ದೆ."

ಇಲ್ಲ ಅನ್ನಲು ಬಾರದ ಮನುಷ್ಯ ಅಂತ ಅವ್ವ ಹೇಳಿದ್ದನ್ನು ನಾನು ಇಷ್ಟು ವರ್ಷ ನಂಬಿದ್ದೆ. ಅವ್ವನೂ ಅದನ್ನೇ ನಂಬಿ ಹೋದಳು.

"ಹಂಗಾರ ನಾ ಮಾಡಿದ್ದು ತಪ್ಪೇನಪ್ಪಾ?" ಅಂದೆ.

"ನನಗೇನ್ ಗೊತ್ತವಾ," ಅಂದರು. "ನಾ ಹೋಗಿದ್ದು ತಪ್ಪಿತ್ತೋ ಏನೋ. ಆ ಬಸ್ಸಿನ್ಯಾಗ ಅರವತ್ತು ಮಂದಿ ಇದ್ರು."

ಒಳಗಿನಿಂದ ಕರೆ ಬಂತು. ತಂಗಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತು, ಸೆರಗು ಒಡ್ಡಿ ಕಾಯುತ್ತಿದ್ದಳು. ಮೊದಲು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು ಇಟ್ಟೆ. ಆಮೇಲೆ ಅಕ್ಕಿ, ಐದು ಬೊಗಸೆ. ಮೂಗು ಮುರಿದಿದ್ದ ಹಿರಿಯರು ಎದುರಿಗೇ ಕೂತಿದ್ದರು. ನಾನು ಎಣಿಸುತ್ತಲೇ ಹಾಕಿದೆ. ಒಂದು, ಎರಡು, ಮೂರು. ಮುಂದಿನದನ್ನು ಹಾಕಿ ಬೊಗಸೆ ಹಿಡಿದೇ ನಿಂತುಬಿಟ್ಟೆ. ಅದು ನಾಲ್ಕನೆಯದೋ ಐದನೆಯದೋ ನನಗೆ ಗೊತ್ತಾಗಲಿಲ್ಲ. ಸುತ್ತ ಕೂತ ಹೆಂಗಸರೆಲ್ಲ ಎಣಿಸುತ್ತಿದ್ದರು ಅಂತ ಕಾಣುತ್ತದೆ, ಆದರೆ ಪೈಲಟ್ಟಿಗೆ ಲೆಕ್ಕ ಹೇಳುವುದು ಹೇಗೆ ಅಂತ ಯಾರೂ ಬಾಯಿ ಬಿಡಲಿಲ್ಲ.

ತಂಗಿ ತಲೆ ಎತ್ತಿ ನನ್ನ ಮುಖ ನೋಡಿದಳು.

"ಇನ್ನೊಂದು ಉಳದದ ಅಕ್ಕಾ," ಅಂದಳು.

ನಾನು ಇನ್ನೊಂದು ಬೊಗಸೆ ಹಾಕಿದೆ.